ಮಕ್ಕಳಿಗೆ ಧರ್ಮಗಳ ಪರಿಚಯ: ಶಾಲೆಯ ಪಾಲು, ಮನೆಯ ಪಾಲು



ನಮ್ಮ ಉಚಿತ ವಾಚನಾಲಯಕ್ಕೆ ಆದಿತ್ಯವಾರ ತಪ್ಪದೆ ಬರುವ ಸದಸ್ಯರೊಬ್ಬರು ಈಚೆಗೆ ಒಂದು ದಿನ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ನಮ್ಮೆದುರಿಗೆ ಬಂದು ಕುಳಿತರು. ವಿಜಯಪುರದ ಕಡೆಯವರು, ತಳೋಜೆಯ ಕಾರಖಾನೆಯೊಂದರಲ್ಲಿ ಗುಮಾಸ್ತೆ. ಅವರ ಮಗಳು ಇಲ್ಲಿಯೇ ಕಾಮೋಠೆಯಲ್ಲಿ ಮೂರನೆಯ ಇಯತ್ತೆ ಓದುತ್ತಾಳೆ. ಒಂದು ಸಂಜೆ ಗೆಳತಿಯ ಮನೆಗೆ ಆಡಲು ಹೋಗಿ ಬಂದವಳು ತಂದೆಯನ್ನು ಕೇಳಿದಳಂತೆ: “ಅಪ್ಪಾ, ಅವರ ಮನ್ಯಾಗ ದೇವರ ಜಗಲಿನ ಇಲ್ಲ. ಬುದ್ಧಂದು, ಬಾಬಾಸಾಹೇಬರದು ಫೋಟೋ ಅದಾವ. ಅವರು ಗಣಪತಿ ಕೂಡ್ರಸಂಗಿಲ್ಲಂತ. ಹಂಗಾರ ಯಾರದು ಖರೆ?”

ದಿನವೆಲ್ಲ ದುಡಿದು ದಣಿದು ಬಂದ ತಂದೆ, “ನಮಗ್ಯಾಕ ಅವರ ಉಸಾಬರಿ? ಸುಮ್ಮನ ಅಭ್ಯಾಸ ಮಾಡು” ಎಂದು ಗದರಿದರು. ಹುಡುಗಿ ಸುಮ್ಮನಾದಳು. ಆದರೆ ಮರುದಿನದಿಂದ ಆ ಗೆಳತಿಯ ಮನೆಗೆ ಹೋಗುವುದನ್ನೇ ಬಿಟ್ಟಳು. “ಹೋಗಬ್ಯಾಡ ಅಂತ ನಾ ಹೇಳಿರಲಿಲ್ರಿ. ಆದರ ಹೇಳಿದಂಗ ಆತಲ್ಲ” ಎಂದು ಅವರು ನೊಂದುಕೊಂಡರು.

ನಾವು ಆಗ ತೋಚಿದ ಉತ್ತರ ಕೊಟ್ಟೆವು: “ಎಲ್ಲ ದೇವರೂ ಒಂದೇ ಎಂದು ಹೇಳಿಬಿಡಿ.” ಅವರು ನಕ್ಕರು. “ಅದನ್ನೂ ಹೇಳಿ ನೋಡಿದ್ನಿರಿ. ‘ಅವರು ದೇವರನ್ನ ನಂಬಂಗಿಲ್ಲ ಅಂತಾರ, ಮತ್ತ ಒಂದ ಹೆಂಗಾತು?’ ಅಂದ್ಳು.” ಎಂಟು ವರುಷದ ಹುಡುಗಿಯ ಈ ಮಾತಿಗೆ ನಮ್ಮಲ್ಲಿ ಮರುಮಾತಿರಲಿಲ್ಲ. ಆ ದಿನ ಹುಟ್ಟಿದ ಸಂಕೋಚದಿಂದಲೇ ಈ ಪಾಠವನ್ನು ಬರೆಯಹೊರಟಿದ್ದೇವೆ. ಇದೇ ಪ್ರಶ್ನೆ ನಮ್ಮ ಎಷ್ಟೋ ಮನೆಗಳಲ್ಲಿ ಎದ್ದಿರಬಹುದು. ಇಂದಲ್ಲ ನಾಳೆ ಏಳುವುದು ಖಂಡಿತ.

ಊರಿನಲ್ಲಿ ನಮ್ಮ ಓಣಿ, ನಮ್ಮ ಗುಡಿ, ನಮ್ಮ ಜಾತ್ರೆ ಎಂದು ಬೆಳೆದವರು ನಾವು. ನಮ್ಮ ಮಕ್ಕಳಾದರೋ ಸಿಡ್ಕೋ ಕಟ್ಟಿಸಿದ ಈ ನಗರದಲ್ಲಿ, ಒಂದೇ ಜಿನೆಯ ನಾಲ್ಕು ಬಾಗಿಲುಗಳ ಹಿಂದೆ ನಾಲ್ಕು ಬಗೆಯ ಪದ್ಧತಿಗಳನ್ನು ಕಾಣುತ್ತಾ ಬೆಳೆಯುತ್ತಿದ್ದಾರೆ. ಒಂದೇ ಬೆಂಚಿನ ಮೇಲೆ ಆಗ್ರಿ ಹುಡುಗ, ಬೌದ್ಧರ ಹುಡುಗಿ, ಉತ್ತರದೇಶದ ಮುಸಲ್ಮಾನರ ಮಗು, ಕೇರಳದ ಕ್ರೈಸ್ತರ ಮಗು ಕೂಡುತ್ತಾರೆ. ಅವರಿಗೆ ಪ್ರಶ್ನೆ ಬಾರದಿದ್ದರೆ ಆಶ್ಚರ್ಯ. ಆ ಪ್ರಶ್ನೆಗೆ ಶಾಲೆ ಏನು ಮಾಡಬೇಕು, ಮನೆ ಏನು ಮಾಡಬೇಕು ಎಂಬುದೇ ಪ್ರಕೃತ ವಿಷಯ.

೧. ಎರಡು ಬೇರೆ ಬೇರೆ ಕೆಲಸಗಳು

ಮಗುವಿಗೆ ಈಜು ಕಲಿಸುವುದು ಒಂದು ಕೆಲಸ. ನಾಡಿನ ನದಿಗಳ ವಿಷಯ ತಿಳಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಮಗುವನ್ನು ನೀರಿಗೆ ಇಳಿಸಬೇಕು. ಎರಡನೆಯದಕ್ಕೆ ನಕಾಶೆ, ಚಿತ್ರ, ಕಥೆ ಸಾಕು. ಧರ್ಮದ ವಿಷಯದಲ್ಲಿಯೂ ಹಾಗೆಯೇ. ಒಂದು ಧರ್ಮದ ಆಚರಣೆಯನ್ನು, ಮಂತ್ರವನ್ನು, ಶ್ರದ್ಧೆಯನ್ನು ಮಗುವಿನಲ್ಲಿ ನೆಲೆಗೊಳಿಸುವುದು ಧರ್ಮಬೋಧನೆ. ಲೋಕದಲ್ಲಿ ಜನರು ಏನೇನನ್ನು ನಂಬುತ್ತಾರೆ, ಹೇಗೆ ಬಾಳುತ್ತಾರೆ ಎಂಬುದನ್ನು ತಿಳಿಸುವುದು ಧರ್ಮಗಳ ಪರಿಚಯ. ಬೋಧನೆ ಮನೆಗೂ ಮಠಕ್ಕೂ ಚರ್ಚಿಗೂ ಮಸೀದಿಗೂ ಸೇರಿದ್ದು. ಪರಿಚಯ ಶಾಲೆಗೆ ಸೇರಿದ್ದು. ಇವೆರಡನ್ನು ಕಲಸಿಬಿಟ್ಟಾಗಲೇ ಜಗಳ ಹುಟ್ಟುವುದು.

ಈ ಭೇದ ಹೊಸದೇನೂ ಅಲ್ಲ. ಇಂಗ್ಲಿಷರ ಆಳ್ವಿಕೆಯಲ್ಲಿ ೧೮೫೪ರ ವುಡ್ ಸಾಹೇಬರ ಶಿಕ್ಷಣಪತ್ರ ಸರಕಾರಿ ಶಾಲೆಗಳ ಪಾಠವು ಧರ್ಮದಿಂದ ದೂರವಿರಬೇಕೆಂದು ವಿಧಿಸಿತು. ಬೈಬಲ್ ಗ್ರಂಥಾಲಯದಲ್ಲಿರಬಹುದು, ಯಾರಾದರೂ ತಾವಾಗಿಯೇ ಕೇಳಿದರೆ ಶಾಲೆಯ ವೇಳೆ ಮುಗಿದ ಮೇಲೆ ಉಪಾಧ್ಯಾಯರು ಹೇಳಬಹುದು ಎಂದಿತು. ಸ್ವಾತಂತ್ರ್ಯದ ನಂತರ ೧೯೪೮-೪೯ರಲ್ಲಿ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗ ಕಾಲೇಜು ವಿದ್ಯಾರ್ಥಿಗಳು ಹಲವು ಧರ್ಮಗಳ ಮಹಾಪುರುಷರ ಚರಿತ್ರೆಗಳನ್ನು ಓದಬೇಕೆಂದು ಸಲಹೆ ಮಾಡಿತು. ೧೯೫೯ರಲ್ಲಿ ಇದೇ ಮುಂಬಯಿ ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀಪ್ರಕಾಶರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಪ್ರಾಥಮಿಕ ಶಾಲೆಯಲ್ಲಿ ಸಾಮೂಹಿಕ ಗಾಯನ, ಸಂತರ ಮತ್ತು ಪ್ರವಾದಿಗಳ ಸರಳ ಕಥೆಗಳು, ಚಿತ್ರಗಳು ಇವುಗಳ ಮೂಲಕ ಈ ಕೆಲಸವಾಗಬೇಕೆಂದು ಅದು ೧೯೬೦ರಲ್ಲಿ ವರದಿ ಕೊಟ್ಟಿತು. ೧೯೬೪-೬೬ರ ಕೊಠಾರಿ ಆಯೋಗ ನಾವು ಮೇಲೆ ಹೇಳಿದ ಭೇದವನ್ನೇ ಸ್ಪಷ್ಟವಾಗಿ ಎತ್ತಿ ಹಿಡಿಯಿತು: ಹಲವು ಧರ್ಮಗಳ ಜನರಿರುವ ದೇಶದಲ್ಲಿ ಸರಕಾರ ಯಾವುದೋ ಒಂದು ಧರ್ಮವನ್ನು ಬೋಧಿಸಲಾಗದು, ಆದರೆ ಧರ್ಮಗಳ ವಿಷಯವಾಗಿ ತಿಳಿವಳಿಕೆ ಕೊಡುವುದು ಅಗತ್ಯ. ೨೦೦೨ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕೂಡ, ಧರ್ಮಗಳ ಅಧ್ಯಯನಕ್ಕೆ ಸಂವಿಧಾನದ ಅಡ್ಡಿಯಿಲ್ಲವೆಂದು ತೀರ್ಪು ಕೊಟ್ಟಿತು.

೨. ಸಂವಿಧಾನ ಪಾಲಕರಿಗೆ ಕೊಟ್ಟಿರುವ ಅಧಿಕಾರ

ಇದು ಪ್ರತಿಯೊಬ್ಬ ಪಾಲಕನೂ ತಿಳಿದಿರಬೇಕಾದ ಮಾತು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ೨೮ನೆಯ ಅನುಚ್ಛೇದದಲ್ಲಿ ಮೂರು ನಿಯಮಗಳಿವೆ.

ಮೊದಲನೆಯದು: ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು.

ಎರಡನೆಯದು: ಯಾವುದೋ ದತ್ತಿಯಿಂದ ಅಥವಾ ಟ್ರಸ್ಟಿನಿಂದ ಸ್ಥಾಪನೆಯಾಗಿ, ಆ ದತ್ತಿಯ ಪ್ರಕಾರ ಧರ್ಮಬೋಧನೆ ಆಗಲೇಬೇಕೆಂದಿದ್ದು, ಈಗ ಸರಕಾರದ ಆಡಳಿತದಲ್ಲಿರುವ ಸಂಸ್ಥೆಗೆ ಮೇಲಿನ ನಿಷೇಧ ಅನ್ವಯಿಸುವುದಿಲ್ಲ.

ಮೂರನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಸರಕಾರದ ಮಾನ್ಯತೆ ಪಡೆದ ಅಥವಾ ಸರಕಾರದ ಸಹಾಯಧನ ಪಡೆಯುವ ಯಾವ ಶಾಲೆಯಲ್ಲಿಯೇ ಆಗಲಿ, ಧರ್ಮಬೋಧನೆಯಲ್ಲಿ ಅಥವಾ ಪೂಜೆ-ಪ್ರಾರ್ಥನೆಯಲ್ಲಿ ಭಾಗವಹಿಸಲೇಬೇಕೆಂದು ಯಾರನ್ನೂ ಬಲವಂತಪಡಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು. ಶಾಲೆ ಯಾವ ಸಮಾಜದ್ದೇ ಇರಲಿ, ಫೀ ಎಷ್ಟೇ ಇರಲಿ, ಈ ನಿಯಮ ತಪ್ಪದು.

ಇಲ್ಲಿ ಒಂದು ಘಟನೆಯನ್ನು ನೆನೆಯಬಹುದು. ಕೇರಳದಲ್ಲಿ ಒಂದೇ ಮನೆಯ ಮೂರು ಮಕ್ಕಳು ರಾಷ್ಟ್ರಗೀತೆಯ ವೇಳೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ಕ್ರೈಸ್ತ ಪಂಥದ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ೧೯೮೬ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಗೌರವ ತೋರಿಸುವುದು ಬೇರೆ, ನಂಬಿಕೆಗೆ ವಿರುದ್ಧವಾಗಿ ನುಡಿಯುವುದು ಬೇರೆ ಎಂಬ ಸೂಕ್ಷ್ಮವನ್ನು ಆ ತೀರ್ಪು ಗುರುತಿಸಿತು. ನಮ್ಮ ಪೈಕಿ ಅನೇಕರಿಗೆ ಆ ಪಂಥದ ನಂಬಿಕೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಮಗುವಿನ ನಂಬಿಕೆಯನ್ನು ಕಾಯುವ ಗೋಡೆಯೇ ಅವರ ಮಗುವಿನ ನಂಬಿಕೆಯನ್ನೂ ಕಾಯುತ್ತದೆ.

ಆದ್ದರಿಂದ ಶಾಲೆಯಲ್ಲಿ ಧರ್ಮದ ವಿಷಯ ಬಂತೆಂದು ಕೇಳಿದೊಡನೆ ಗಾಬರಿಯಾಗಬಾರದು. ಹಾಗೆಂದು ಕಣ್ಣು ಮುಚ್ಚಿಯೂ ಇರಬಾರದು. ಮೊದಲು ವಿಚಾರಿಸಬೇಕು: ಇದು ಬೋಧನೆಯೋ, ಪರಿಚಯವೋ? ಬೋಧನೆಯಾದರೆ ಒಪ್ಪಿಗೆ ಕೊಡುವುದು, ಬಿಡುವುದು ನಮ್ಮ ಕೈಯಲ್ಲಿದೆ. ಪರಿಚಯವಾದರೆ ಮಗುವನ್ನು ಅದರಿಂದ ತಪ್ಪಿಸಬೇಡಿ. ತಪ್ಪಿಸಿದರೆ ಮಗುವಿನ ಶ್ರದ್ಧೆಯೇನೂ ಗಟ್ಟಿಯಾಗುವುದಿಲ್ಲ. ನೆರೆಹೊರೆ ಮಾತ್ರ ಕಿರಿದಾಗುತ್ತದೆ.

೩. ಬೇರೆ ದೇಶಗಳವರು ಮಾಡಿದ್ದು

ಈ ತೊಡಕು ನಮ್ಮದೊಂದೇ ದೇಶದ್ದಲ್ಲ. ಫ್ರಾನ್ಸಿನವರು ೧೮೮೨ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಯಿಂದ ಧರ್ಮಬೋಧನೆಯನ್ನು ತೆಗೆದುಹಾಕಿದರು. ಬೇಕಾದವರು ಹೊರಗೆ ಕಲಿಸಲೆಂದು ವಾರದಲ್ಲಿ ಒಂದು ದಿನ ಬಿಡುವು ಕೊಟ್ಟರು. ಅಮೇರಿಕದಲ್ಲಿ ೧೯೬೩ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯ ಸರಕಾರಿ ಶಾಲೆಗಳಲ್ಲಿ ವಿಧಿಯಾಗಿ ಬೈಬಲ್ ಪಠಿಸುವುದನ್ನು ನಿಲ್ಲಿಸಿತು; ಆದರೆ ಧರ್ಮಗಳನ್ನು ವಿದ್ಯಾವಿಷಯವಾಗಿ ಅಭ್ಯಸಿಸಬಹುದೆಂದು ಒಪ್ಪಿತು. ಇಂಗ್ಲೆಂಡಿನಲ್ಲಿ ೧೯೪೪ರ ಕಾಯಿದೆ ಧರ್ಮಬೋಧನೆಯನ್ನು ಕಡ್ಡಾಯ ಮಾಡಿತು. ಪಾಲಕರು ಬೇಡವೆಂದರೆ ಮಗುವನ್ನು ಬಿಡಿಸಿಕೊಳ್ಳುವ ಹಕ್ಕನ್ನೂ ಇಟ್ಟಿತು. ಮುಂದೆ ನಮ್ಮ ದೇಶದವರೂ ಇತರರೂ ಅಲ್ಲಿಗೆ ಹೋಗಿ ನೆಲೆಸಿದ ಮೇಲೆ, ೧೯೮೮ರ ಕಾಯಿದೆಯಲ್ಲಿ ಕ್ರೈಸ್ತಧರ್ಮದ ಜೊತೆಗೆ ಇತರ ಮುಖ್ಯ ಧರ್ಮಗಳನ್ನೂ ಪಾಠದಲ್ಲಿ ಸೇರಿಸಬೇಕೆಂದು ವಿಧಿಸಿದರು. ವೇಲ್ಸ್ ಪ್ರಾಂತದಲ್ಲಿ ೨೦೨೨ರಿಂದ ಈ ವಿಷಯದ ಹೆಸರೇ ಬದಲಾಗಿ, ದೇವರನ್ನು ಒಪ್ಪದವರ ಜೀವನದೃಷ್ಟಿಗೂ ಪಾಠದಲ್ಲಿ ಸ್ಥಾನ ಬಂದಿದೆ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಕ್ರೈಸ್ತ ಸಹಪಾಠಿಗಳ ಜೊತೆ ದೀಪಾವಳಿಯ ಪಾಠ ಓದುವಾಗ ನಮಗೆ ಸಂತೋಷವಾಗುತ್ತದೆ. ಇಲ್ಲಿ ನಮ್ಮ ಮಕ್ಕಳು ಈದಿನ ಪಾಠ ಓದುವಾಗಲೂ ಅದೇ ಸಂತೋಷ ಆಗುವುದು ನ್ಯಾಯ.

೪. ನಮ್ಮ ಹಿರಿಯರು ಹಾಕಿಕೊಟ್ಟ ದಾರಿ

ಪರದೇಶದ ಉದಾಹರಣೆ ಕೇಳಿ, ಇದೆಲ್ಲ ಹೊರಗಿನಿಂದ ಬಂದ ವಿಚಾರವೆಂದು ಯಾರೂ ತಿಳಿಯಬೇಕಾಗಿಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ೯ನೆಯ ಶತಮಾನದಲ್ಲಿ, ಶ್ರೀವಿಜಯನು ರಚಿಸಿದ್ದು. ನಿಜವಾದ ಚಿನ್ನ ಯಾವುದು ಎಂದು ಹೇಳುವಾಗ ಆ ಗ್ರಂಥ ಎರಡು ಗುಣಗಳನ್ನು ಹೆಸರಿಸುತ್ತದೆ: ಪರರ ಧರ್ಮವನ್ನು ಸೈರಿಸುವುದು, ಪರರ ವಿಚಾರವನ್ನು ಸೈರಿಸುವುದು. ಧರ್ಮ ಎಂದಷ್ಟೇ ಹೇಳಿ ನಿಲ್ಲದೆ ವಿಚಾರವನ್ನೂ ಸೇರಿಸಿದ್ದನ್ನು ವಾಚಕರು ಗಮನಿಸಬೇಕು. ದೇವರನ್ನು ನಂಬುವವನಿಗೂ, ನಂಬದೆ ವಿಚಾರ ಮಾಡುವವನಿಗೂ ಅಲ್ಲಿ ಎಡೆಯಿದೆ. ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಅಚ್ಚಾಗುವ ಸಂವಿಧಾನದ ಪ್ರಸ್ತಾವನೆಯಲ್ಲಿಯೂ ಸ್ವಾತಂತ್ರ್ಯಗಳನ್ನು ಎಣಿಸುವಾಗ ವಿಚಾರ ಮೊದಲು ಬರುತ್ತದೆ, ಉಪಾಸನೆ ಕೊನೆಗೆ ಬರುತ್ತದೆ.

ಆ ನೃಪತುಂಗನ ಗುರುತನ್ನು ನೋಡಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಬೋರಿವಲಿಯ ಕಾನ್ಹೇರಿ ಗವಿಗಳಲ್ಲಿ ಅವನ ಆಳ್ವಿಕೆಯ ಕಾಲದ ಶಾಸನಗಳಿವೆ. ಅವನ ಸಾಮಂತರಾಗಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರ ಕಾಲದಲ್ಲಿ ಅಲ್ಲಿಯ ಬೌದ್ಧ ಸಂಘಕ್ಕೆ ಕೊಟ್ಟ ದಾನಗಳನ್ನು ಅವು ಹೇಳುತ್ತವೆ. ಅರಸನು ಸ್ವತಃ ಜೈನಾಚಾರ್ಯ ಜಿನಸೇನರನ್ನು ಗುರುವೆಂದು ಗೌರವಿಸಿದವನು. ೮೭೧ರ ಸಂಜಾಣ ತಾಮ್ರಪಟ, ಅವನು ನಾಡಿನ ಕಷ್ಟ ನಿವಾರಣೆಗಾಗಿ ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು ಹೊಗಳುತ್ತದೆ. ಜಿನಧರ್ಮ, ದೇವೀಭಕ್ತಿ, ಬೌದ್ಧಸಂಘ ಮೂರೂ ಒಬ್ಬ ಅರಸನ ನೆರಳಿನಲ್ಲಿದ್ದವು.

ಹಾಗೆಂದು ಹಿಂದೆ ಜಗಳಗಳೇ ಇರಲಿಲ್ಲವೆಂದು ಮಕ್ಕಳಿಗೆ ಹೇಳುವುದು ಸುಳ್ಳಾಗುತ್ತದೆ. ೧೩೬೮ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಜೈನರು ಶ್ರೀವೈಷ್ಣವರ ಮೇಲೆ ದೂರು ತಂದರು. ರಾಯನು ಜೈನರ ಕೈಗಳನ್ನು ವೈಷ್ಣವರ ಕೈಯಲ್ಲಿಟ್ಟು, ಜೈನರ ವಾದ್ಯ ಮತ್ತು ಕಲಶದ ಮರ್ಯಾದೆಗಳು ಎಂದಿನಂತೆ ನಡೆಯಬೇಕೆಂದೂ, ಅವರಿಗಾದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ತಿಳಿಯಬೇಕೆಂದೂ ನಿರ್ಣಯ ಮಾಡಿದನು. ಶ್ರವಣಬೆಳಗೊಳದ ಶಾಸನ ಇದಕ್ಕೆ ಸಾಕ್ಷಿ. ಎರಡು ಪಂಥಗಳನ್ನು ಕಲಸಿ ಒಂದು ಮಾಡಲಿಲ್ಲ. ಎರಡೂ ಬೇರೆ ಬೇರೆಯಾಗಿಯೇ ಉಳಿದು ನೆರೆಯವರಾಗಿ ಬಾಳುವ ಕ್ರಮವನ್ನು ಹಾಕಿಕೊಟ್ಟರು. “ಎಲ್ಲವೂ ಒಂದೇ” ಎಂಬ ನಮ್ಮ ಅವಸರದ ಉತ್ತರಕ್ಕಿಂತ ಇದು ಹೆಚ್ಚು ಗಟ್ಟಿಯಾದ ಉತ್ತರ.

೫. ಪಾಠ ಹೇಗಿರಬೇಕು

ಆರರಿಂದ ಹತ್ತು ವರುಷದ ಮಕ್ಕಳಿಗೆ ತತ್ತ್ವವಿಚಾರ ಹಿಡಿಸದು. ಕಣ್ಣಿಗೆ ಕಾಣುವ ವಸ್ತು, ಕೇಳಲು ಕಥೆ, ಹೋಗಿ ನೋಡಲು ಸ್ಥಳ ಇವೇ ಅವರ ಪುಸ್ತಕ. ಉಪಾಧ್ಯಾಯರಾಗಲಿ ಪಾಲಕರಾಗಲಿ ಮಾಡಬಹುದಾದ ನಾಲ್ಕು ಪಾಠಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯ ಪಾಠ, ಮೂರು ಬಗೆಯ ವಾಕ್ಯಗಳು. ಇದು ಉಳಿದೆಲ್ಲ ಪಾಠಗಳಿಗೆ ಅಡಿಗಲ್ಲು. “ಪಂಢರಪುರದಲ್ಲಿ ವಿಠಲನ ದೇವಾಲಯವಿದೆ.” ಇದು ಯಾರು ಹೋದರೂ ನೋಡಬಹುದಾದ ಸಂಗತಿ. “ಪುಂಡಲೀಕನು ಎಸೆದ ಇಟ್ಟಿಗೆಯ ಮೇಲೆ ವಿಠಲನು ನಿಂತನೆಂದು ವಾರಕರಿಗಳು ನಂಬುತ್ತಾರೆ.” ಇದು ಒಂದು ಸಮುದಾಯದ ನಂಬಿಕೆ. “ನಮ್ಮ ಮನೆಯಲ್ಲಿ ಏಕಾದಶಿಯ ಉಪವಾಸ ಮಾಡುತ್ತೇವೆ.” ಇದು ನಮ್ಮ ಮನೆಯ ನಡವಳಿಕೆ. ಸಂಗತಿ, ನಂಬಿಕೆ, ನಡವಳಿಕೆ ಈ ಮೂರನ್ನು ಬೇರ್ಪಡಿಸಿ ಹೇಳಲು ಮಗು ಕಲಿತರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಭಾಷೆಯ ‘ಎಂದು’ ಎಂಬ ಪುಟ್ಟ ಮಾತು ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ. “ಹೀಗಿದೆ” ಎನ್ನುವ ಬದಲು “ಹೀಗಿದೆ ಎಂದು ಅವರು ನಂಬುತ್ತಾರೆ” ಎಂದರೆ, ಹೇಳುವವನು ತನ್ನ ಶ್ರದ್ಧೆಯನ್ನೂ ಬಿಡಲಿಲ್ಲ, ಅವರ ಶ್ರದ್ಧೆಯನ್ನೂ ಜರೆಯಲಿಲ್ಲ.

ಎರಡನೆಯ ಪಾಠ, ಗೋಡೆಯ ಕ್ಯಾಲೆಂಡರು. ೧೯೭೩ರಲ್ಲಿ ಜಯಂತರಾವ್ ಸಾಳಗಾಂವಕರರು ಆರಂಭಿಸಿದ ‘ಕಾಲನಿರ್ಣಯ’ ಈ ಪ್ರಾಂತದ ಬಹಳ ಮನೆಗಳಲ್ಲಿ ತೂಗುತ್ತದೆ. ಅದರಲ್ಲಿ ಹಲವು ಧರ್ಮಗಳ ಹಬ್ಬಗಳಿವೆ. ಮಕ್ಕಳಿಗೆ ಎರಡು ಮೂರು ವರುಷಗಳ ಕ್ಯಾಲೆಂಡರು ಕೊಟ್ಟು ಕೇಳಿ: ನಾತಾಳ ಹಬ್ಬ ಪ್ರತಿವರುಷ ಡಿಸೆಂಬರ ೨೫ಕ್ಕೇ ಏಕೆ? ಗಣೇಶಚತುರ್ಥಿ ಏಕೆ ಹಿಂದೆ ಮುಂದೆ ಓಡಾಡುತ್ತದೆ? ರಮಜಾನ್ ಏಕೆ ವರುಷ ವರುಷವೂ ಹಿಂದಕ್ಕೆ ಸರಿಯುತ್ತದೆ? ಸೂರ್ಯನ ವರುಷಕ್ಕೆ ೩೬೫ ದಿನ, ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು ೩೫೪ ದಿನ. ವ್ಯತ್ಯಾಸ ೧೧ ದಿನ. ಮುಸಲ್ಮಾನರು ಚಂದ್ರನನ್ನೇ ಅನುಸರಿಸುವುದರಿಂದ ರಮಜಾನ್ ಸುಮಾರು ೩೩ ವರುಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಪಂಚಾಂಗದವರು ಸುಮಾರು ೩೨-೩೩ ತಿಂಗಳಿಗೊಮ್ಮೆ ಅಧಿಕಮಾಸ ಸೇರಿಸಿ ಲೆಕ್ಕ ಸರಿಪಡಿಸುತ್ತಾರೆ. ಒಂದೇ ಆಕಾಶವನ್ನು ನೋಡಿ ಮೂರು ಲೆಕ್ಕ ಹಾಕಿದ ಜಾಣರ ಕಥೆಯಿದು. ಗಣಿತವೂ ಆಯಿತು, ಪರಿಚಯವೂ ಆಯಿತು.

ಮೂರನೆಯ ಪಾಠ, ಹತ್ತಿರದ ಸ್ಥಳಗಳು. ಪನವೇಲಿನಲ್ಲಿ ೧೯ನೆಯ ಶತಮಾನದಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾಮಂದಿರವಿದೆ. ನಮ್ಮಲ್ಲಿ ಬಹುಜನ ಇದನ್ನು ಅರಿಯರು. ಬೆನೆ ಇಸ್ರಾಯೇಲ್ ಎಂಬ ಈ ಯಹೂದಿಗಳು ಕೊಲಾಬಾ, ಅಂದರೆ ಈಗಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ತಲೆಮಾರುಗಳಿಂದ ಗಾಣದಿಂದ ಎಣ್ಣೆ ತೆಗೆಯುತ್ತಾ ಮರಾಠಿ ಮಾತಾಡುತ್ತಾ ಬಾಳಿದರು. ಶನಿವಾರ ಅವರಿಗೆ ವಿಶ್ರಾಂತಿಯ ಪವಿತ್ರ ದಿನ. ಅಂದು ಗಾಣ ಕಟ್ಟುತ್ತಿರಲಿಲ್ಲ. ಆದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಅವರಲ್ಲಿ ಬಹಳ ಮಂದಿ ೧೯೪೮ರ ನಂತರದ ವರುಷಗಳಲ್ಲಿ ಇಸ್ರಾಯೇಲಿಗೆ ಹೋಗಿ ನೆಲೆಸಿದರು. ಇನ್ನು ಇದೇ ಜಿಲ್ಲೆಯ ಘಾರಾಪುರಿ ದ್ವೀಪದಲ್ಲಿ ಶಿವನ ಗವಿಗಳಿವೆ. ಪಾಲಿ ಮತ್ತು ಮಹಡಗಳಲ್ಲಿ ಅಷ್ಟವಿನಾಯಕರ ಪೈಕಿ ಎರಡು ಗುಡಿಗಳಿವೆ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಯಾರದೇ ಪ್ರಾರ್ಥನಾಸ್ಥಳಕ್ಕೆ ಹೋಗುವ ಮೊದಲು ಅಲ್ಲಿಯವರ ಅನುಮತಿ ಪಡೆದು, ಅಲ್ಲಿಯ ಶಿಸ್ತನ್ನು ಕೇಳಿ ತಿಳಿದು ಹೋಗಬೇಕು. ಅದೂ ಪಾಠದ ಒಂದು ಭಾಗವೇ.

ನಾಲ್ಕನೆಯ ಪಾಠ, ಮನುಷ್ಯರ ಕಥೆಗಳು. ಬುದ್ಧ, ಮಹಾವೀರ, ಯೇಸು, ಮಹಮ್ಮದ್ ಪೈಗಂಬರರು, ಬಸವಣ್ಣ, ಗುರುನಾನಕ, ತುಕಾರಾಮ ಇವರ ಬಾಳಿನ ಒಂದೊಂದು ಘಟನೆ ಸಾಕು. ನಮ್ಮ ಕಡೆಯ ಶಿಶುನಾಳ ಷರೀಫರು (೧೮೧೯-೧೮೮೯) ಮುಸಲ್ಮಾನರಾಗಿ ಹುಟ್ಟಿ, ಬ್ರಾಹ್ಮಣರಾದ ಗೋವಿಂದಭಟ್ಟರ ಶಿಷ್ಯರಾದ ಕಥೆಯನ್ನು ಯಾವ ಮಗು ಕೇಳದು? ದಕ್ಷಿಣ ಕನ್ನಡದವರು ಧರ್ಮಸ್ಥಳದ ಮಾತು ಹೇಳಬಹುದು: ದೇವರು ಶಿವ, ಪೂಜೆ ಮಾಡುವವರು ಮಾಧ್ವರು, ಆಡಳಿತ ಜೈನ ಹೆಗ್ಗಡೆಯವರದು. ದೇವರ ಗೊಡವೆಗೆ ಹೋಗದೆ ನೀತಿಯಿಂದ ಬಾಳಿದವರ ಕಥೆಯೂ ಬೇಕು. ಗೌರಿಬಿದನೂರು ಕಡೆಯ ಬಡ ಕುಟುಂಬದಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು (೧೯೨೦-೨೦೦೫) ಖಾದಿ ತೊಟ್ಟ ಗಾಂಧಿವಾದಿ. ಜೊತೆಗೆ, ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ಹುಡುಗರಿಗೆ ಕಲಿಸಿದ ವಿಚಾರವಾದಿ. ೧೯೭೬ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರೇ. ಪರವಿಚಾರಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಮಹಾರಾಷ್ಟ್ರದಲ್ಲಿರುವ ನಾವು ಇಲ್ಲಿಯ ಸಂತರನ್ನೂ ಸುಧಾರಕರನ್ನೂ ಅರಿಯದಿದ್ದರೆ ಉಂಡ ಮನೆಯ ಹೆಸರು ಕೇಳದಂತಾಗುತ್ತದೆ. ಪಂಢರಪುರದ ವಿಠಲನನ್ನು ಜ್ಞಾನೇಶ್ವರರು ‘ಕಾನಡಾ’ ಎಂದು ಕರೆದಿದ್ದಾರೆ ಎಂದು ಕೇಳಿದರೆ ನಮ್ಮ ಮಕ್ಕಳ ಕಿವಿ ನಿಮಿರುತ್ತದೆ. ಜಗತ್ತಿಗೆ ಪ್ರೀತಿಯನ್ನು ಕೊಡುವುದೇ ನಿಜವಾದ ಧರ್ಮ ಎಂಬ ಅರ್ಥದ ಪ್ರಾರ್ಥನೆಯನ್ನು ಬರೆದ ಸಾನೆ ಗುರೂಜಿಯವರು ೧೯೪೭ರಲ್ಲಿ ಅದೇ ಪಂಢರಪುರದ ಗುಡಿಯ ಬಾಗಿಲು ಹರಿಜನರಿಗೂ ತೆರೆಯಲೆಂದು ಉಪವಾಸ ಕುಳಿತರು. ಮಂಗಳೂರಿನ ಕುದ್ರೋಳಿಯಲ್ಲಿ ೧೯೧೨ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದೂ, ಗುಡಿಯೊಳಗೆ ಬಿಡದೆ ದೂರವಿಟ್ಟಿದ್ದ ಜನರಿಗಾಗಿಯೇ. ಧರ್ಮದ ಹೆಸರಿನಲ್ಲಿ ತಪ್ಪುಗಳೂ ನಡೆದವು, ಅವನ್ನು ತಿದ್ದಿದವರೂ ಧರ್ಮವಂತರಲ್ಲಿಯೇ ಹುಟ್ಟಿದರು ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

೬. ಕೆಲವು ಎಚ್ಚರಗಳು

ಒಂದು: ತರಗತಿಯಲ್ಲಿ ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿ, “ನಿಮ್ಮ ಧರ್ಮದಲ್ಲಿ ಹೀಗೇಕೆ?” ಎಂದು ಕೇಳಬಾರದು. ಎಂಟು ವರುಷದ ಮಗು ತನ್ನ ಸಮಾಜದ ವಕೀಲನಲ್ಲ.

ಎರಡು: ಪ್ರಸಾದವಾಗಲಿ ಹಬ್ಬದ ತಿಂಡಿಯಾಗಲಿ, ಬೇಡವೆಂದ ಮಗುವಿಗೆ ಬಲವಂತ ಮಾಡಬಾರದು, ಬೇಡವೆಂದದ್ದಕ್ಕೆ ಹಂಗಿಸಲೂಬಾರದು.

ಮೂರು: ಪೈಗಂಬರರ ಚಿತ್ರ ಬರೆಯುವುದನ್ನು ಮುಸಲ್ಮಾನರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಥ ಸೂ‌ಕ್ಷ್ಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ನಾಲ್ಕು: ಒಬ್ಬರ ಒಳ್ಳೆಯದನ್ನು ಇನ್ನೊಬ್ಬರ ಕೆಟ್ಟದ್ದರ ಜೊತೆಗಿಟ್ಟು ತೂಗಬಾರದು. ತೂಗುವುದಾದರೆ ಒಳ್ಳೆಯದನ್ನು ಒಳ್ಳೆಯದರೊಡನೆಯೇ ತೂಗಬೇಕು.

ಐದು: ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಬೇಕು. “ಅವರನ್ನೇ ಕೇಳಿ ತಿಳಿದುಕೊಳ್ಳೋಣ” ಎಂಬ ಮಾತು ಉಪಾಧ್ಯಾಯರ ಬಾಯಲ್ಲಿ ಬಂದರೆ ಅವರ ಗೌರವ ಕಡಿಮೆಯಾಗದು.

೭. ಮನೆಯ ಪಾಲು

ಪರಿಚಯ ಶಾಲೆಯದು, ಬೋಧನೆ ಮನೆಯದು ಎಂದೆವು. ಹಾಗಾದರೆ ನಮ್ಮ ಮನೆಯ ಪದ್ಧತಿಯನ್ನು ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆಯೇ? ಬೆಳಿಗ್ಗೆ ಮಾನಸರೋವರ ಅಥವಾ ಖಾಂದೇಶ್ವರ ಸ್ಟೇಶನ್ನಿನಿಂದ ಲೋಕಲ್ ಹಿಡಿದವರು ರಾತ್ರಿಗೆ ಮರಳುತ್ತೇವೆ. ದೀಪ ಹಚ್ಚುವುದು ಏಕೆ, ಇಷ್ಟಲಿಂಗ ಎಂದರೇನು, ಭೂತದ ಕೋಲ ಏಕೆ, ರೋಜಾ ಏಕೆ ಎಂದು ಮಗು ಕೇಳಿದರೆ “ಹಿಂದಿನಿಂದ ಬಂದದ್ದು” ಎಂದು ಮುಗಿಸುತ್ತೇವೆ. ತನ್ನ ಮನೆಯದನ್ನೇ ಅರಿಯದ ಮಗುವಿಗೆ ನೆರೆಮನೆಯದು ಹೆದರಿಕೆ ಹುಟ್ಟಿಸುತ್ತದೆ. ತನ್ನದನ್ನು ಬಲ್ಲ ಮಗು ಪರರದನ್ನು ಕುತೂಹಲದಿಂದ ನೋಡುತ್ತದೆ.

ನಮ್ಮ ಸದಸ್ಯರಿಗೆ ಮುಂದಿನ ಆದಿತ್ಯವಾರ ನಾವು ಕೊಟ್ಟ ಉತ್ತರ ಇಷ್ಟು. ಆ ಗೆಳತಿಯ ಮನೆಯವರು ಗಣಪತಿಯನ್ನು ಕೂಡ್ರಿಸದಿರುವುದು ತಾತ್ಸಾರವಲ್ಲ, ಒಂದು ವ್ರತ. ೧೯೫೬ರ ಅಕ್ಟೋಬರ ೧೪ರಂದು ನಾಗಪುರದಲ್ಲಿ ಡಾ. ಅಂಬೇಡಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದಾಗ ೨೨ ಪ್ರತಿಜ್ಞೆಗಳನ್ನು ಕೈಗೊಂಡರು. ಗೌರಿ, ಗಣಪತಿ ಮೊದಲಾದ ದೇವತೆಗಳನ್ನು ಪೂಜಿಸೆವೆಂಬುದು ಅವುಗಳಲ್ಲಿ ಒಂದು. ಕೆರೆಯ ನೀರು ಮುಟ್ಟಗೊಡದ, ಗುಡಿಯ ಮೆಟ್ಟಿಲು ಹತ್ತಗೊಡದ ದಿನಗಳ ನೋವು ಆ ಪ್ರತಿಜ್ಞೆಗಳ ಹಿಂದಿದೆ. ೨೦೧೧ರ ಜನಗಣತಿಯಲ್ಲಿ ದೇಶದ ಸುಮಾರು ೮೪ ಲಕ್ಷ ಬೌದ್ಧರಲ್ಲಿ ೬೫ ಲಕ್ಷ ಮಂದಿ ಮಹಾರಾಷ್ಟ್ರದವರೇ. ಇನ್ನು ಲೋಕವನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆಂದು ಒಪ್ಪದೆ ಧರ್ಮದಿಂದ ಬಾಳುವುದು ಕನ್ನಡಿಗರಿಗೆ ಹೊಸದೂ ಅಲ್ಲ. ನಮ್ಮ ಪಂಪ ರನ್ನರ ಜೈನಧರ್ಮವೂ ಅಂಥ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ.

“ಹಂಗಾರ ಯಾರದು ಖರೆ ಅಂತ ಕೇಳಿದರ?” ಎಂದರು ಅವರು. ಹೀಗೆ ಹೇಳಿ ಎಂದೆವು: “ನಾವು ಹಿಂಗ ನಂಬತೇವಿ, ಯಾಕ ಅಂತ ನಾ ಹೇಳತೇನಿ. ಅವರು ಹಂಗ ನಂಬತಾರ, ಯಾಕ ಅಂತ ಅವರನ್ನ ಕೇಳು. ದೊಡ್ಡಾಕಿ ಆದಮ್ಯಾಲ ನೀನ ವಿಚಾರ ಮಾಡು. ಅಲ್ಲಿಮಟ ಇಬ್ಬರ ಮಾತೂ ಪೂರಾ ಕೇಳು.” ಯಾರದು ನಿಜ ಎಂಬ ದೊಡ್ಡ ಪ್ರಶ್ನೆಯನ್ನು ಇದು ಅಳಿಸಿಹಾಕುವುದಿಲ್ಲ. ಅದನ್ನು ಮಗುವಿನ ಕೈಯಲ್ಲಿ ಜೋಪಾನವಾಗಿ ಇಟ್ಟು, ಬೆಳೆಯಲು ಕಾಲ ಕೊಡುತ್ತದೆ.

ಎರಡು ವಾರಗಳ ಮೇಲೆ ಅವರು ಮತ್ತೆ ಬಂದರು. ಈ ಸಲ ತಾವೇ ಮಗಳ ಕೈ ಹಿಡಿದು ಆ ಗೆಳತಿಯ ಮನೆಗೆ ಹೋಗಿದ್ದರಂತೆ. ಆ ಮನೆಯ ಅಜ್ಜಿ ಚಹಾ ಕೊಟ್ಟು, ತಾವು ಚಿಕ್ಕವರಿದ್ದಾಗ ಬಾವಿಯ ಹತ್ತಿರ ನೀರಿಗಾಗಿ ಕಾಯುತ್ತಿದ್ದ ಮಾತು ಹೇಳಿದರಂತೆ. “ನಾಲ್ಕು ವರ್ಷ ಒಂದ ಜಿನೆದಾಗ ಅದೇವ್ರಿ. ಇದು ನನಗ ಗೊತ್ತಿರಲಿಲ್ಲ” ಎಂದು ಹೇಳಿ ಅವರು ಪತ್ರಿಕೆ ತೆಗೆದುಕೊಂಡು ತಮ್ಮ ಜಾಗಕ್ಕೆ ಹೋದರು.

ಶಾಲೆಗೆ ಬರೆಯುವ ಪತ್ರದ ಮಾದರಿ

“ಮಾನ್ಯ ಮುಖ್ಯಾಧ್ಯಾಪಕರಿಗೆ ನಮಸ್ಕಾರಗಳು. ನನ್ನ ಮಗ/ಮಗಳು ತಮ್ಮ ಶಾಲೆಯ … ಇಯತ್ತೆಯಲ್ಲಿ ಓದುತ್ತಾನೆ/ಳೆ. ಶಾಲೆಯಲ್ಲಿ ನಡೆಯುವ ಪ್ರಾರ್ಥನೆ ಮತ್ತು ಧರ್ಮವಿಷಯಕ ಪಾಠದ ಸ್ವರೂಪವೇನೆಂದು ದಯವಿಟ್ಟು ತಿಳಿಸಬೇಕು. ಎಲ್ಲ ಧರ್ಮಗಳ ಪರಿಚಯದ ಪಾಠಕ್ಕೆ ನನ್ನ ಸಂತೋಷದ ಸಮ್ಮತಿಯಿದೆ. ಯಾವುದಾದರೂ ಒಂದು ಧರ್ಮದ ಬೋಧನೆ ಅಥವಾ ಪೂಜೆ ಇದ್ದರೆ, ಸಂವಿಧಾನದ ೨೮ನೆಯ ಅನುಚ್ಛೇದದ ಪ್ರಕಾರ ಮೊದಲು ನನ್ನ ಒಪ್ಪಿಗೆ ಕೇಳಬೇಕೆಂದು ವಿನಂತಿ. ತಮ್ಮ ವಿಶ್ವಾಸಿ.” ಇದನ್ನು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಲು ನೆರವು ಬೇಕಾದವರು ಆದಿತ್ಯವಾರ ವಾಚನಾಲಯದಲ್ಲಿ ಕೇಳಬಹುದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಧರ್ಮಬೋಧನೆ ಮತ್ತು ಧರ್ಮಗಳ ಪರಿಚಯ ಇವುಗಳ ಭೇದವನ್ನು ನಿಮ್ಮದೇ ಉದಾಹರಣೆಯಿಂದ ಮಕ್ಕಳಿಗೆ ವಿವರಿಸಿರಿ.

೨. ನಿಮ್ಮ ಮನೆಯ ಒಂದು ಹಬ್ಬದ ವಿಷಯವಾಗಿ ಸಂಗತಿ, ನಂಬಿಕೆ, ನಡವಳಿಕೆ ಎಂಬ ಮೂರು ವಾಕ್ಯಗಳನ್ನು ಬರೆಯಿರಿ. ನೆರೆಮನೆಯ ಹಬ್ಬದ ವಿಷಯವಾಗಿಯೂ ಮೂರು ವಾಕ್ಯಗಳನ್ನು, ಅವರನ್ನೇ ಕೇಳಿ, ಬರೆಯಿರಿ.

೩. ಈ ವರುಷದ ಮತ್ತು ಹೋದ ವರುಷದ ಕ್ಯಾಲೆಂಡರು ನೋಡಿ ರಮಜಾನ್ ಎಷ್ಟು ದಿನ ಸರಿದಿದೆಯೆಂದು ಮಕ್ಕಳಿಂದ ಎಣಿಸಿರಿ.

೪. ನಿಮ್ಮ ಜಿನೆಯಲ್ಲಿ ನೀವು ಇನ್ನೂ ಬಾಗಿಲು ತಟ್ಟದ ಮನೆ ಯಾವುದು?